ಸೊಂಟದ ಅಳತೆಗೆ ಮಗುವನ್ನಷ್ಟೇ ದೂರಬೇಡಿ

ಮಾನ್ಯ ಸಂಪಾದಕರಿಗೆ,

ಮಕ್ಕಳ ಬೊಜ್ಜಿನ ಬಗ್ಗೆ ಕಳೆದ ವಾರ ನಿಮ್ಮಲ್ಲಿ ಬಂದ ಲೇಖನವನ್ನು ನಾನು ಓದಿದ್ದು ಮಿರ್ಚಿಯ ಎಣ್ಣೆ ಹೀರಿದ್ದ ಹಾಳೆಯಲ್ಲಿ. ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡರೆ ಪತ್ರಿಕೆ ಪುಕ್ಕಟೆ. ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟಬೇಡಿ, ಶಾಯಿಯ ರಾಸಾಯನಿಕಗಳು ಆಹಾರಕ್ಕೆ ಇಳಿಯುತ್ತವೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೊಮ್ಮೆ, 2023ರಲ್ಲಿ ಇನ್ನೊಮ್ಮೆ ಎಚ್ಚರಿಸಿದೆ. ಲೇಖನದಲ್ಲಿ ಅಂಥ ಮಾತೊಂದೂ ಇರಲಿಲ್ಲ. ಮಕ್ಕಳು ಸೋಮಾರಿಗಳು, ತಾಯಂದಿರು ಮುದ್ದು ಮಾಡಿ ತಿನ್ನಿಸುತ್ತಾರೆ ಎಂಬಲ್ಲಿಗೆ ಅದು ಮುಗಿದಿತ್ತು.

ನಾನು ದರ್ಜಿ. 31 ವರ್ಷಗಳಿಂದ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದೇನೆ, ಅಳತೆ ಪುಸ್ತಕ ಒಂದನ್ನೂ ಎಸೆದಿಲ್ಲ. ಹಳೆಯ ಪುಸ್ತಕಗಳಲ್ಲಿ ಐದನೇ ತರಗತಿಯ ಹುಡುಗರ ಸೊಂಟ ಹೆಚ್ಚಾಗಿ 22, 23 ಇಂಚು. ಈಗ 28 ಎಂದು ಬರೆಯುವಾಗ ಕೈ ತಡೆಯುವುದಿಲ್ಲ. ಇದು ಸಮೀಕ್ಷೆಯೇನಲ್ಲ. ಆಗ ಬರುತ್ತಿದ್ದವರು ಗಿರಣಿ ಕಾರ್ಮಿಕರ ಮಕ್ಕಳು, ಈಗ ಬರುವವರು ಸ್ಕೂಲ್ ವ್ಯಾನಿನಲ್ಲಿ ಓಡಾಡುವವರು, ಗಿರಾಕಿಗಳೇ ಬೇರೆ. ಬೇಕರಿ ಪಫ್, ಮೊಬೈಲ್, ಆಟದ ಬಯಲೆಲ್ಲ ಸೈಟುಗಳಾದದ್ದು, ಇವೂ ಕಾರಣಗಳೆನ್ನುವುದಕ್ಕೆ ನನ್ನ ತಕರಾರಿಲ್ಲ.

ಆದರೆ ಕಳೆದ ಮೇ ತಿಂಗಳಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳ ಅಳತೆಯನ್ನು ಎಂದಿನಂತೆ ನಾನು ಜೋರಾಗಿ ಕೂಗಿ ಹೇಳಿ, ನಮ್ಮ ಹುಡುಗನಿಂದ ಬರೆಸುತ್ತಿದ್ದೆ. ಸಂಖ್ಯೆ ಕಿವಿಗೆ ಬಿದ್ದೊಡನೆ ಆಕೆ ಉಸಿರು ಬಿಗಿಹಿಡಿದು ಹೊಟ್ಟೆ ಒಳಕ್ಕೆಳೆದುಕೊಂಡಳು. ‘ರಾತ್ರಿ ಚಪಾತಿ ಬಿಟ್ಟರೆ ಇವಳಿಗೆ ಏನೂ ಕೊಡುವುದಿಲ್ಲ ಅಣ್ಣಾ’ ಎಂದು ತಾಯಿ ನನಗೇ ಸಮಜಾಯಿಷಿ ಕೊಟ್ಟರು. ಟೇಪು ಹಿಡಿದವನಿಗೆ ಅದನ್ನೆಲ್ಲ ಹೇಳಬೇಕಾಗಿ ಬಂತಲ್ಲ ಎಂದು ನಾಚಿಕೆಯಾಯಿತು. ಅಂದಿನಿಂದ ಅಳತೆಯನ್ನು ಕೂಗುವುದಿಲ್ಲ, ನಾನೇ ಬರೆದುಕೊಳ್ಳುತ್ತೇನೆ.

ಜೀವರಸಾಯನವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿರುವ ಮಗಳಿಗೆ ಇದನ್ನು ಹೇಳಿದೆ. ಅವಳು ಕೇಳಿದಳು: ‘ಅಪ್ಪಾ, ಥಾನಿನಲ್ಲಿರುವ ಬಟ್ಟೆ ಅಂಗಿಯಾಗಬೇಕೋ ಚಡ್ಡಿಯಾಗಬೇಕೋ ಎನ್ನುವುದು ನೀನು ಸೀಮೆಸುಣ್ಣದಲ್ಲಿ ಗುರುತು ಹಾಕುವಾಗ ತಾನೇ ತೀರ್ಮಾನವಾಗುವುದು?’ ಮೈಯಲ್ಲಿಯೂ ಹಾಗೆ ಕತ್ತರಿಸದ ಬಟ್ಟೆಯಂಥ ಕಾಂಡಕೋಶಗಳಿವೆಯಂತೆ. ಅವು ಮೂಳೆಯೂ ಆಗಬಹುದು, ಕೊಬ್ಬಿನ ಕೋಶವೂ ಆಗಬಹುದು. ಕೊಬ್ಬಿನ ಕಡೆಗೆ ಗುರುತು ಹಾಕುವುದು ಪಿಪಿಎಆರ್ ಗಾಮಾ ಎಂಬ ಪ್ರೋಟೀನು. ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟದಿರಲೆಂದು ಬಳಿಯುತ್ತಿದ್ದ ಬಣ್ಣದಲ್ಲಿ ಟ್ರೈಬ್ಯುಟೈಲ್‌ಟಿನ್ ಎಂಬ ವಿಷವಿತ್ತು. ಅದು ಈ ಪ್ರೋಟೀನನ್ನು ತಾನೇ ಎಬ್ಬಿಸಿಬಿಡುತ್ತದೆ. ಗರ್ಭಿಣಿ ಇಲಿಗಳಿಗೆ ಕೊಟ್ಟಾಗ ಹುಟ್ಟಿದ ಮರಿಗಳಲ್ಲಿ ಕೊಬ್ಬು ಹೆಚ್ಚಿತ್ತು. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳಾದ ಬ್ರೂಸ್ ಬ್ಲಂಬರ್ಗ್ ಮತ್ತು ಫೆಲಿಕ್ಸ್ ಗ್ರುನ್ ಇಂಥ ವಸ್ತುಗಳಿಗೆ 2006ರಲ್ಲಿ ‘ಒಬೆಸೊಜೆನ್’ ಎಂದು ಹೆಸರಿಟ್ಟರು. ಬೊಜ್ಜುಕಾರಕ ಎನ್ನೋಣ. ಇನ್ನೊಂದು ಮಾತನ್ನೂ ಮಗಳು ಹೇಳಿದಳು. ಕೊಬ್ಬಿನ ಕೋಶಗಳ ಸಂಖ್ಯೆ ಬಹುಮಟ್ಟಿಗೆ ಬಾಲ್ಯ, ಹರೆಯದಲ್ಲೇ ನಿಂತುಬಿಡುತ್ತದೆ. ದೊಡ್ಡವರು ತೂಕ ಇಳಿಸಿದರೆ ಕೋಶಗಳು ಕುಗ್ಗುತ್ತವೆಯೇ ಹೊರತು ಎಣಿಕೆಯಲ್ಲಿ ಕಡಿಮೆಯಾಗುವುದಿಲ್ಲ. ಚೀಲ ಖಾಲಿಯಾದರೂ ಚೀಲ ಇದ್ದೇ ಇರುತ್ತದೆ.

ಇಲಿಗೆ ಆದದ್ದೆಲ್ಲ ಮನುಷ್ಯನಿಗೆ ಆಗಲೇಬೇಕೆಂದಿಲ್ಲ, ಸರಿ. ಅಷ್ಟರಲ್ಲಿ ಅವಳು ನನ್ನ ಕಸುಬಿಗೇ ಕೈ ಹಾಕಿದಳು. ಅಮೆರಿಕ ಮತ್ತು ಕೆನಡಾದಲ್ಲಿ ‘ಕಲೆ ಹಿಡಿಯುವುದಿಲ್ಲ’ ಎಂದು ಮಾರುತ್ತಿದ್ದ ಶಾಲಾ ಸಮವಸ್ತ್ರಗಳಲ್ಲಿ, ನೀರು, ಎಣ್ಣೆ ಅಂಟದಂತೆ ಮಾಡುವ ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳಿದ್ದವೆಂದು 2022ರಲ್ಲಿ ಸಂಶೋಧಕರು ಪ್ರಕಟಿಸಿದರಂತೆ. ಈ ರಾಸಾಯನಿಕಗಳು ಪರಿಸರದಲ್ಲಿ ಸುಲಭವಾಗಿ ಒಡೆದು ನಾಶವಾಗುವಂಥವಲ್ಲ. ಅಮೆರಿಕದಲ್ಲೇ ಪಥ್ಯ ಮಾಡಿ ತೂಕ ಇಳಿಸಿದ 621 ಜನರನ್ನು ಎರಡು ವರ್ಷ ಗಮನಿಸಿದ ಅಧ್ಯಯನ 2018ರಲ್ಲಿ ಬಂದಿದೆ. ರಕ್ತದಲ್ಲಿ ಈ ರಾಸಾಯನಿಕ ಹೆಚ್ಚಿದ್ದವರಿಗೆ, ಅದರಲ್ಲೂ ಹೆಂಗಸರಿಗೆ, ಇಳಿದ ತೂಕ ಹೆಚ್ಚು ಮರಳಿ ಬಂದಿತ್ತು. ಸುಮ್ಮನೆ ಕುಳಿತಾಗ ಅವರ ದೇಹ ಶಕ್ತಿ ಖರ್ಚು ಮಾಡುವ ವೇಗವೂ ತಗ್ಗಿತ್ತು. ಅಂಗಿ ತೊಟ್ಟ ಮಾತ್ರಕ್ಕೆ ದಪ್ಪಗಾಗುತ್ತಾರೆಂದು ನಾನು ಹೇಳುತ್ತಿಲ್ಲ. ಮೈಗೆ ಇದು ಹೆಚ್ಚಾಗಿ ಸೇರುವುದು ನೀರು, ಆಹಾರ, ಮನೆಯ ದೂಳಿನಿಂದ. ಆದರೆ ಆ ತಾಯಿಯ ಚಪಾತಿಯ ಮಾತನ್ನು ಅದಾದ ಮೇಲೆ ನಾನು ಬೇರೆ ರೀತಿಯಲ್ಲಿ ಕೇಳಿಸಿಕೊಂಡೆ.

ಬೊಜ್ಜುಕಾರಕವೆಂಬ ಅನುಮಾನ ಇರುವ ಇನ್ನೊಂದು ವಸ್ತು ಬಿಸ್ಫೆನಾಲ್ ಎ, ಗಟ್ಟಿ ಪ್ಲಾಸ್ಟಿಕ್ಕಿಗೆ ಬಳಸುವ ರಾಸಾಯನಿಕ. ಅದು ಇರುವ ಹಾಲಿನ ಬಾಟಲಿಯನ್ನು ಯುರೋಪ್ 2011ರಲ್ಲಿ, ನಾವು 2015ರಲ್ಲಿ ಕೈಬಿಟ್ಟೆವು. ಕೂಸಿನ ಬಾಟಲಿಗೆ ಬೇಡವಾದದ್ದು ಅಂಗಡಿ ಬಿಲ್ಲಿನ ನುಣುಪು ಕಾಗದದಲ್ಲಿ ಯಾಕಿರಬೇಕು? ಯುರೋಪಿನಲ್ಲಿ ಅದಕ್ಕೂ 2020ರಿಂದ ಮಿತಿ ಇದೆ.

ನನ್ನ ಬೇಡಿಕೆ ದೊಡ್ಡದಲ್ಲ. ಸಮವಸ್ತ್ರದ ಬಟ್ಟೆಯ ಅಂಚಿನಲ್ಲಿ ಪಾಲಿಸ್ಟರ್ ಎಷ್ಟು, ವಿಸ್ಕೋಸ್ ಎಷ್ಟು ಎಂದು ಅಚ್ಚಾಗಿರುತ್ತದೆ. ಅದರ ಪಕ್ಕದಲ್ಲೇ ಮೇಲೆ ಬಳಿದ ರಾಸಾಯನಿಕದ ಹೆಸರೂ ಇರಲಿ. ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರವೇ ಲಕ್ಷಾಂತರ ಮಕ್ಕಳಿಗೆ ಬಟ್ಟೆ ಕೊಡುತ್ತದೆ; ಟೆಂಡರಿನಲ್ಲಿ ಪಿಎಫ್‌ಎಎಸ್ ಪರೀಕ್ಷೆಯ ಷರತ್ತು ಸೇರಿಸಲಿ. ಬಣ್ಣ ಬಿಡುತ್ತದೆಯೇ, ಕುಗ್ಗುತ್ತದೆಯೇ ಎಂದು ನೋಡುವವರು ಇದನ್ನೂ ನೋಡಬಹುದು.

ಮೊನ್ನೆ ಜೂನ್ ತಿಂಗಳ ಸರಕಿಗೆ ಹೋದಾಗ ಸಗಟು ವ್ಯಾಪಾರಿ ‘ಶಾಯಿ ಬಿದ್ದರೂ ಜಾರಿ ಹೋಗುತ್ತದೆ’ ಎಂದು ಹೊಸ ಥಾನಿನ ಮೇಲೆ ನೀರು ಚಿಮುಕಿಸಿ ತೋರಿಸಿದ. ಹನಿ ಮುತ್ತಿನಂತೆ ಉರುಳಿತು. ಮೇಲೆ ಏನು ಬಳಿದಿದ್ದಾರೆ ಎಂದು ಕೇಳಿದೆ. ‘ಕಂಪನಿಯಿಂದಲೇ ಹಾಗೆ ಬರುತ್ತದೆ, ಇಷ್ಟು ವರ್ಷ ಕೇಳದವರು ಈಗೇನು?’ ಎಂದು ನಕ್ಕ. ಮೀಟರಿಗೆ ಹದಿನೈದು ರೂಪಾಯಿ ಕಡಿಮೆಯಿದ್ದ ಸಾದಾ ಬಟ್ಟೆಯನ್ನೇ ತಂದಿದ್ದೇನೆ. ಶಾಯಿ ಬಿದ್ದರೆ ಕಲೆಯಾಗುತ್ತದೆ ಎಂದು ಪೋಷಕರಿಗೆ ಮೊದಲೇ ಹೇಳುತ್ತಿದ್ದೇನೆ.

ಇಂತಿ,
ಸಮವಸ್ತ್ರದ ದರ್ಜಿ,
ದಾವಣಗೆರೆ