ಬಚ್ಚಿಟ್ಟ ಸಂದೇಶ ಮತ್ತು ಎದುರಿಗಿರುವ ಜಾಹೀರಾತು: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ಎರಡು ವಾರಗಳಲ್ಲಿ ನಿಮ್ಮಲ್ಲಿ ಅನೇಕರು ನನಗೆ ಒಂದೇ ವಿಡಿಯೊ ಕಳಿಸಿದ್ದೀರಿ. ಮಕ್ಕಳು ನೋಡುವ ಕಾರ್ಟೂನಿನ ನಡುವೆ, ಕಣ್ಣಿಗೆ ಸಿಗದಷ್ಟು ವೇಗದಲ್ಲಿ, ಜಾಹೀರಾತಿನ ಚಿತ್ರಗಳನ್ನು ತುರುಕಿದ್ದಾರಂತೆ. ಅವು ಮಕ್ಕಳ ಒಳಮನಸ್ಸಿಗೆ ಇಳಿದು ಅವರನ್ನು ಕುಣಿಸುತ್ತವಂತೆ. ಒಬ್ಬ ತಾಯಿ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿ, "ಮೇಡಂ, ಟಿವಿ ಕನೆಕ್ಷನ್ ತೆಗೆಸಿಬಿಡ್ಲಾ?" ಎಂದು ಕೇಳಿದರು. ಅವರ ದನಿಯಲ್ಲಿದ್ದ ಗಾಬರಿ ನಿಜವಾದದ್ದು. ಅದಕ್ಕೇ ಒಂದು ಸಾಲಿನ ಉತ್ತರ ಕೊಟ್ಟು ಸುಮ್ಮನಾಗದೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಿದೆ. ದಯವಿಟ್ಟು ಪೂರ್ತಿ ಓದಿ.

ಈ ಭಯ ಹೊಸದಲ್ಲ. 1957ರಲ್ಲಿ ಅಮೆರಿಕದ ಜೇಮ್ಸ್ ವಿಕರಿ ಎಂಬ ಮಾರುಕಟ್ಟೆ ಸಂಶೋಧಕರು ಪತ್ರಕರ್ತರನ್ನು ಕರೆದು ಒಂದು ಸುದ್ದಿ ಕೊಟ್ಟರು. ನ್ಯೂಜೆರ್ಸಿಯ ಫೋರ್ಟ್ ಲೀ ಎಂಬಲ್ಲಿನ ಚಿತ್ರಮಂದಿರದಲ್ಲಿ, ಸಿನಿಮಾ ಓಡುತ್ತಿದ್ದಾಗಲೇ, ಐದು ಸೆಕೆಂಡಿಗೊಮ್ಮೆ ಪರದೆಯ ಮೇಲೆ ಪಾಪ್‌ಕಾರ್ನ್ ತಿನ್ನಿ, ಕೋಕಾ ಕೋಲಾ ಕುಡಿಯಿರಿ ಎಂಬ ಮಾತು ಮಿಂಚಿಸಿದೆವು ಎಂದರು. ಒಂದು ಸೆಕೆಂಡನ್ನು ಮೂರು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಹೊತ್ತು ಮಾತ್ರ. ಯಾರಿಗೂ ಅದು ಕಾಣಲಿಲ್ಲ, ಆದರೆ ಕೋಕಾ ಕೋಲಾ ಮಾರಾಟ ಶೇ 18ರಷ್ಟು, ಪಾಪ್‌ಕಾರ್ನ್ ಮಾರಾಟ ಶೇ 57ರಷ್ಟು ಏರಿತು ಎಂದು ಹೇಳಿಕೊಂಡರು. ಜನ ಬೆಚ್ಚಿಬಿದ್ದರು. ನಮಗೆ ಗೊತ್ತಿಲ್ಲದೆಯೇ ನಮ್ಮ ತಲೆಯೊಳಗೆ ಕೈ ಹಾಕುತ್ತಾರೆ ಅಂದರೆ ಯಾರಿಗೆ ತಾನೆ ಭಯವಾಗುವುದಿಲ್ಲ?

ಆದರೆ ಆ ಕಥೆ ಪರೀಕ್ಷೆಗೆ ನಿಲ್ಲಲಿಲ್ಲ. ಲೆಕ್ಕಪತ್ರ ತೋರಿಸಿ ಎಂದರೆ ವಿಕರಿ ತೋರಿಸಲಿಲ್ಲ. 1962ರಲ್ಲಿ ಜಾಹೀರಾತು ಉದ್ಯಮದ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ, ತನ್ನ ಹತ್ತಿರ ಇದ್ದ ಮಾಹಿತಿ ಏನನ್ನೂ ಹೇಳಲು ಸಾಲದಷ್ಟು ಕಡಿಮೆ ಇತ್ತು ಎಂದು ಅವರೇ ಒಪ್ಪಿಕೊಂಡರು. ಅಷ್ಟರಲ್ಲಿ ಸುದ್ದಿ ಊರೂರು ಸುತ್ತಿ ಆಗಿತ್ತು. ಈಗಲೂ ಸುತ್ತುತ್ತಲೇ ಇದೆ. ನೀವು ಕಳಿಸಿದ ವಿಡಿಯೊದಲ್ಲೂ ಅದೇ ಪಾಪ್‌ಕಾರ್ನ್ ಕಥೆ ಸಾಕ್ಷಿಯಾಗಿ ಬಂದಿದೆ.

ಬೇರೆಯವರು ಪರೀಕ್ಷಿಸಿ ನೋಡಿದ್ದಾರೆ. 1958ರಲ್ಲಿ ಕೆನಡಾದ ಸರ್ಕಾರಿ ಟಿವಿ, ಅರ್ಧ ಗಂಟೆಯ ಒಂದು ಕಾರ್ಯಕ್ರಮದಲ್ಲಿ ಈಗಲೇ ಫೋನ್ ಮಾಡಿ ಎಂಬ ಸಂದೇಶವನ್ನು 352 ಸಲ ಮಿಂಚಿಸಿತು. ಫೋನ್ ಕರೆಗಳು ಹೆಚ್ಚಲಿಲ್ಲ. ಆಮೇಲೆ, ನಿಮಗೆ ಏನು ಸಂದೇಶ ಬಂತು ಅನ್ನಿಸಿತು ಎಂದು ನೋಡುಗರನ್ನು ಕೇಳಿದರು. ತುಂಬ ಜನ ಹಸಿವಾಯಿತು, ಬಾಯಾರಿತು ಎಂದು ಬರೆದರು. ಯಾಕೆ ಹೇಳಿ? ಪಾಪ್‌ಕಾರ್ನ್ ಕಥೆ ಅವರೆಲ್ಲ ಓದಿಕೊಂಡಿದ್ದರು! ಅವರ ಮೇಲೆ ಕೆಲಸ ಮಾಡಿದ್ದು ಆ ಸುದ್ದಿ. ಬಚ್ಚಿಟ್ಟ ಸಂದೇಶದಿಂದ ಏನೂ ಆಗಲಿಲ್ಲ.

ನಿದ್ದೆಯಲ್ಲಿ ಕೇಳಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎನ್ನುವ ಆಡಿಯೊಗಳ ಬಗ್ಗೆಯೂ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ, ಪರೀಕ್ಷೆ ಹತ್ತಿರ ಬರುತ್ತಿದೆಯಲ್ಲ. ಹಣ ಕೊಟ್ಟು ಕೊಳ್ಳಬೇಡಿ. ಬಚ್ಚಿಟ್ಟ ಸಂದೇಶಗಳಿವೆ ಎಂದು ಮಾರುತ್ತಿದ್ದ ಅಂಥದ್ದೇ ಕ್ಯಾಸೆಟ್‌ಗಳನ್ನು 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪರೀಕ್ಷಿಸಿದರು. ನೆನಪಿನ ಶಕ್ತಿಗೆ ಒಂದು, ಆತ್ಮಗೌರವಕ್ಕೆ ಒಂದು ಎಂದು ಎರಡು ಬಗೆ ಇದ್ದವು, ಕೆಲವರಿಗೆ ಅವುಗಳ ಲೇಬಲ್ ಅದಲು ಬದಲು ಮಾಡಿ ಕೊಟ್ಟರು. ತಿಂಗಳ ನಂತರ ನೋಡಿದರೆ ಯಾರ ನೆನಪಿನ ಶಕ್ತಿಯೂ ಆ ಕ್ಯಾಸೆಟ್‌ನಿಂದ ಹೆಚ್ಚಿರಲಿಲ್ಲ. ಆದರೆ ಲೇಬಲ್ ಮೇಲೆ ಏನು ಬರೆದಿತ್ತೋ ಅದೇ ಸುಧಾರಿಸಿದೆ ಎಂದು ಅನೇಕರು ನಂಬಿದ್ದರು. ಆ ಲೇಬಲ್ ಅನ್ನು ನೆನಪಿಡಿ, ಮತ್ತೆ ಅಲ್ಲಿಗೇ ಬರುತ್ತೇನೆ.

ಪೂರ್ತಿ ಸುಳ್ಳು ಎನ್ನಲೂ ಆಗದು. ಕಣ್ಣಿಗೆ ಕಾಣದಷ್ಟು ಬೇಗ ಒಂದು ಪಾನೀಯದ ಹೆಸರು ತೋರಿಸಿದಾಗ, ಆಗಲೇ ಬಾಯಾರಿದ್ದವರು ಅದರ ಕಡೆ ಸ್ವಲ್ಪ ವಾಲಿದರು ಎಂದು 2006ರ ಒಂದು ಪ್ರಯೋಗ ತೋರಿಸಿದೆ. ಬಾಯಾರದವರಿಗೆ ಏನೂ ಆಗಲಿಲ್ಲ. ಪ್ರಯೋಗಾಲಯದಲ್ಲಿ, ಆ ಕ್ಷಣಕ್ಕೆ, ಅಷ್ಟೇ. ಇದರಿಂದ ಮಗು ಅಂಗಡಿಯಲ್ಲಿ ನೆಲಕ್ಕೆ ಬಿದ್ದು ಹೊರಳಾಡುವುದಿಲ್ಲ.

ಹಾಗಾದರೆ ಹೊರಳಾಡುವುದು ಯಾಕೆ? ನಾನು ನಿಮ್ಮ ಹತ್ತಿರ ಮಾತನಾಡಬೇಕೆಂದಿರುವುದು ಇದನ್ನೇ. ಹುತ್ತ ಬಡಿದರೆ ಹಾವು ಸಾಯುವುದಿಲ್ಲ ಅಂತಾರಲ್ಲ, ಹಾಗೆ ನಾವು ಕಾಣದ ಚಿತ್ರಗಳನ್ನು ಹುಡುಕುತ್ತಾ ಕೂತರೆ, ಕಣ್ಣೆದುರಿಗೇ ಹಾಡುತ್ತಾ ಕುಣಿಯುತ್ತಾ ಬರುವುದನ್ನು ಬಿಟ್ಟುಬಿಡುತ್ತೇವೆ. ಮಕ್ಕಳನ್ನು ಹಿಡಿಯುವುದು ಅದು.

ಹೋದ ತಿಂಗಳು ಆರನೇ ತರಗತಿಯ ಒಬ್ಬ ಹುಡುಗಿ ಊಟದ ಬಿಡುವಿನಲ್ಲಿ ನನ್ನ ಕೋಣೆಗೆ ಬಂದಳು. ಕಣ್ಣು ಕೆಂಪಾಗಿತ್ತು. ಹಿಂದಿನ ರಾತ್ರಿ ಅಪ್ಪನ ಫೋನಿನಲ್ಲಿ ಆಟ ಆಡುವಾಗ ಒಂದು ವಿಶೇಷ ಪೆಟ್ಟಿಗೆ ಬಂತಂತೆ, ಜೊತೆಗೆ ಕೆಂಪು ಗಡಿಯಾರ. ಇನ್ನು ಹತ್ತೇ ನಿಮಿಷ, ಆಮೇಲೆ ಸಿಗುವುದಿಲ್ಲ ಎಂದು. ಅಪ್ಪ ಬೇಡ ಎಂದರು. ಇವಳು ಹಠ ಮಾಡಿದಳು, ಏಟೂ ತಿಂದಳು. "ಮಿಸ್, ಅದು ಹೋಗೇಬಿಡ್ತು, ಇನ್ಯಾವತ್ತೂ ಬರಲ್ಲ" ಎಂದು ಬಿಕ್ಕಿದಳು. ಸಂಜೆ ಅವಳ ತಂದೆ ಬಂದಾಗ ಮೂವರೂ ಕೂತು ಆ ಆಟ ತೆರೆದೆವು. ಪೆಟ್ಟಿಗೆ ಅಲ್ಲೇ ಇತ್ತು. ಹತ್ತು ನಿಮಿಷ, ಕೆಂಪು ಗಡಿಯಾರ. ಮುಗಿಯುವವರೆಗೆ ಕಾದೆವು. ಸೊನ್ನೆಗೆ ಬಂತು, ಪೆಟ್ಟಿಗೆ ಮಾಯವಾಯಿತು. ಆಟ ಮುಚ್ಚಿ ಮತ್ತೆ ತೆರೆದೆವು. ಪುನಃ ಹತ್ತು ನಿಮಿಷ! ಹುಡುಗಿ ಪರದೆಯನ್ನೇ ದಿಟ್ಟಿಸಿ, ಮೆಲ್ಲಗೆ, "ಇದು ಸುಳ್ಳು ಗಡಿಯಾರ" ಎಂದಳು. ಅವಳ ತಂದೆ ಏನೂ ಹೇಳಲಿಲ್ಲ, ಮಗಳ ತಲೆ ಮೇಲೆ ಕೈ ಇಟ್ಟರು.

ಆ ಗಡಿಯಾರದಲ್ಲಿ ಗುಟ್ಟಾದದ್ದು ಏನೂ ಇರಲಿಲ್ಲ. ದೊಡ್ಡದಾಗಿ, ಕೆಂಪಾಗಿ, ಎದುರಿಗೇ ಇತ್ತು. ಸಿಗದೇ ಹೋಗುತ್ತದೆ ಅಂದ ತಕ್ಷಣ ವಸ್ತುವಿನ ಬೆಲೆ ನಮ್ಮ ಮನಸ್ಸಿನಲ್ಲಿ ಏರುತ್ತದೆ. 1975ರಲ್ಲಿ ಅಮೆರಿಕದಲ್ಲಿ ಇದನ್ನು ಬಿಸ್ಕತ್ತಿನಿಂದಲೇ ತೋರಿಸಿಕೊಟ್ಟರು. ಕೆಲವರಿಗೆ ಹತ್ತು ಬಿಸ್ಕತ್ತು ಇದ್ದ ಜಾಡಿ, ಕೆಲವರಿಗೆ ಎರಡೇ ಇದ್ದ ಜಾಡಿ. ಬಿಸ್ಕತ್ತು ಒಂದೇ. ಆದರೆ ಎರಡೇ ಇದ್ದ ಜಾಡಿಯದಕ್ಕೆ ಜನ ಜಾಸ್ತಿ ಬೆಲೆ ಕಟ್ಟಿದರು. ದೊಡ್ಡವರ ಪಾಡೇ ಇದು. ಹನ್ನೊಂದು ವರ್ಷದ ಹುಡುಗಿ ಅತ್ತದ್ದರಲ್ಲಿ ಏನು ಆಶ್ಚರ್ಯ?

ಇನ್ನೊಂದು ದಾರಿ, ಪದೇ ಪದೇ ತೋರಿಸುವುದು. ರಾಬರ್ಟ್ ಝೈಯಾನ್ಸ್ ಎಂಬ ಮನಶ್ಶಾಸ್ತ್ರಜ್ಞ 1968ರಲ್ಲಿ ಜನರಿಗೆ ಅರ್ಥವೇ ಗೊತ್ತಿಲ್ಲದ ಪದಗಳನ್ನು, ಗುರುತಿಲ್ಲದ ಮುಖಗಳನ್ನು ತೋರಿಸಿದರು. ಯಾವುದನ್ನು ಹೆಚ್ಚು ಸಲ ನೋಡಿದರೋ ಅದೇ ಜನರಿಗೆ ಹೆಚ್ಚು ಇಷ್ಟವಾಯಿತು. ಕಾರಣ ಏನೂ ಬೇಕಿಲ್ಲ, ಕಂಡು ಅಭ್ಯಾಸವಾದರೆ ಸಾಕು. ದಿನಕ್ಕೆ ಇಪ್ಪತ್ತು ಸಲ ಅದೇ ರಾಗ ಕೇಳಿಸುವುದು ಇದಕ್ಕೇ.

ಇನ್ನು ಜೋಡಿಸುವ ವಿದ್ಯೆ. ಜಾನ್ ವಾಟ್ಸನ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪುಟ್ಟ ಮಗುವಿಗೆ ಬಿಳಿ ಇಲಿ ತೋರಿಸುತ್ತಾ, ಜೊತೆಗೇ ಜೋರಾಗಿ ಸದ್ದು ಮಾಡಿ, ಇಲಿ ಕಂಡರೇ ಅಳುವಂತೆ ಮಾಡಿದವರು. ಇಂಥದ್ದನ್ನು ಇಂದು ಯಾರೂ ಒಪ್ಪುವುದಿಲ್ಲ. 1920ರಲ್ಲಿ ವಿಶ್ವವಿದ್ಯಾಲಯ ಬಿಟ್ಟ ಮೇಲೆ ಅವರು ಸೇರಿದ್ದು ಎಲ್ಲಿಗೆ ಗೊತ್ತೇ? ಒಂದು ದೊಡ್ಡ ಜಾಹೀರಾತು ಕಂಪನಿಗೆ. ಮಗುವಿನ ಮನಸ್ಸಿನಲ್ಲಿ ಇಲಿಗೆ ಭಯವನ್ನು ಕಟ್ಟಬಹುದಾದರೆ, ಸೋಪಿಗೆ ಅಮ್ಮನ ನಗುವನ್ನೂ ಕಟ್ಟಬಹುದು. ಜಾಹೀರಾತಿನಲ್ಲಿ ಯಾವಾಗಲೂ ಮನೆ ಮಂದಿಯೆಲ್ಲ ನಗುತ್ತಿರುತ್ತಾರಲ್ಲ, ಸ್ನೇಹಿತರು ಹೆಗಲ ಮೇಲೆ ಕೈ ಹಾಕಿರುತ್ತಾರಲ್ಲ, ಅದು ಸುಮ್ನೆ ಅಲ್ಲ. ವಸ್ತುವಿನ ಬಗ್ಗೆ ಒಂದು ಮಾತೂ ಹೇಳದೆ ಆ ನಗುವನ್ನು ಅದಕ್ಕೆ ಅಂಟಿಸುತ್ತಾರೆ.

ಈಗ ಆ ಲೇಬಲ್ ವಿಷಯಕ್ಕೆ ಬರುತ್ತೇನೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರರಿಂದ ಐದು ವರ್ಷದ 63 ಮಕ್ಕಳಿಗೆ ಒಂದೇ ತಿಂಡಿಯನ್ನು ಎರಡು ಪೊಟ್ಟಣದಲ್ಲಿ ಕೊಟ್ಟರು. ಒಂದು ಬರಿಯ ಪೊಟ್ಟಣ, ಇನ್ನೊಂದರ ಮೇಲೆ ಮೆಕ್‌ಡೊನಾಲ್ಡ್ಸ್ ಗುರುತು. ಗುರುತು ಇದ್ದದ್ದೇ ರುಚಿ ಎಂದ ಮಕ್ಕಳೇ ಹೆಚ್ಚು. ಕ್ಯಾರೆಟ್ ಕೊಟ್ಟಾಗಲೂ ಅಷ್ಟೇ! ಮನೆಯಲ್ಲಿ ಟಿವಿಗಳು ಹೆಚ್ಚಿದ್ದಷ್ಟೂ ಈ ಒಲವು ಜಾಸ್ತಿ ಇತ್ತು. ಆ ಮಕ್ಕಳು ಸುಳ್ಳು ಹೇಳುತ್ತಿರಲಿಲ್ಲ. ಅವರ ನಾಲಿಗೆಗೆ ಅದು ನಿಜವಾಗಿಯೂ ರುಚಿಯಾಗಿತ್ತು.

ಇಲ್ಲೊಂದು ಮುಖ್ಯ ವಿಷಯವಿದೆ. ಏಳೆಂಟು ವರ್ಷದವರೆಗೆ ಮಕ್ಕಳಿಗೆ, ಇದು ಮಾರುವುದಕ್ಕೆ ಹೇಳುತ್ತಿರುವ ಮಾತು ಅನ್ನುವುದೇ ಸರಿಯಾಗಿ ತಿಳಿಯುವುದಿಲ್ಲ. ಟಿವಿ ಹೇಳಿತು ಅಂದರೆ ಅವರಿಗೆ ಅಜ್ಜಿ ಹೇಳಿದ ಹಾಗೆ. ಇದನ್ನು ಅರಿತೇ ಕೆನಡಾದ ಕ್ವಿಬೆಕ್ ಪ್ರಾಂತ 1980ರಿಂದ 13 ವರ್ಷದೊಳಗಿನ ಮಕ್ಕಳಿಗೆ ಗುರಿಯಿಟ್ಟ ಜಾಹೀರಾತನ್ನು ನಿಷೇಧಿಸಿದೆ. ಸ್ವೀಡನ್ 1991ರಿಂದ 12 ವರ್ಷದೊಳಗಿನವರಿಗೆ ಟಿವಿ ಜಾಹೀರಾತು ಕೂಡದು ಎಂದಿದೆ. ಈಗ ಕಷ್ಟ ಇನ್ನೂ ಹೆಚ್ಚಿದೆ. ಟಿವಿಯಲ್ಲಿ ಕಾರ್ಯಕ್ರಮ ನಿಂತು ಜಾಹೀರಾತು ಬರುತ್ತಿತ್ತು, ನಡುವೆ ಒಂದು ಗೆರೆಯಾದರೂ ಇತ್ತು. ಫೋನಿನಲ್ಲಿ ಮಗುವಿನ ವಯಸ್ಸಿನವನೇ ಒಬ್ಬ ಡಬ್ಬಿ ಬಿಚ್ಚಿ, ಆಟಿಕೆ ತೆಗೆದು, ಅಯ್ಯೋ ಎಷ್ಟು ಚೆನ್ನಾಗಿದೆ ಅನ್ನುತ್ತಾನೆ. ಮಗು ಅವನನ್ನು ಸ್ನೇಹಿತ ಅಂದುಕೊಳ್ಳುತ್ತದೆ. ಹಿಂದೆ ಯಾರು ದುಡ್ಡು ಕೊಟ್ಟಿದ್ದಾರೆ ಎಂದು ಅದಕ್ಕೆ ಹೇಗೆ ತಿಳಿಯಬೇಕು?

ನಮಗೆ ಇದೆಲ್ಲ ತಟ್ಟುವುದಿಲ್ಲ ಎಂದು ನಿಮಗೆ ಅನ್ನಿಸುತ್ತಿರಬಹುದು. ನನಗೂ ಅನ್ನಿಸುತ್ತಿತ್ತು. ಬೇರೆಯವರು ಮರುಳಾಗುತ್ತಾರೆ, ನಾನಾಗುವುದಿಲ್ಲ ಎಂದು ನಾವೆಲ್ಲರೂ ನಂಬುವ ಈ ಗುಣವನ್ನು 1983ರಲ್ಲಿ ಡೇವಿಸನ್ ಎಂಬ ಸಮಾಜಶಾಸ್ತ್ರಜ್ಞರು ಗುರುತಿಸಿ ವಿವರಿಸಿದ್ದಾರೆ. ಇದರಿಂದ ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಲೇಬೇಕು. ಎರಡು ವರ್ಷದ ಹಿಂದೆ ಒಂದು ಕಂಪನಿ ನಮ್ಮ ಶಾಲೆಯಲ್ಲಿ ಚಿತ್ರಕಲಾ ಸ್ಪರ್ಧೆ ನಡೆಸಿಕೊಟ್ಟಿತು. ಎಲ್ಲ ಮಕ್ಕಳಿಗೂ ಪುಕ್ಕಟೆ ವೇಳಾಪಟ್ಟಿ ಕಾರ್ಡು, ಪ್ರತಿ ಕಾರ್ಡಿನ ಮೇಲೂ ಅವರ ಗುರುತು. ನಾನೇ ಒಪ್ಪಿಗೆ ಕೊಟ್ಟೆ. ಮಕ್ಕಳಿಗೆ ಖುಷಿಯಾಗುತ್ತದೆ, ಶಾಲೆಗೆ ಖರ್ಚಿಲ್ಲ ಎಂದಷ್ಟೇ ಯೋಚಿಸಿದೆ. ಇಡೀ ವರ್ಷ ಮಕ್ಕಳು ದಿನಕ್ಕೆ ಏಳೆಂಟು ಸಲ ಆ ಗುರುತು ನೋಡಿದರು, ಅದೂ ಶಾಲೆಯಲ್ಲಿ, ಮೇಡಂ ಕೊಟ್ಟದ್ದು ಎಂಬ ನಂಬಿಕೆಯಲ್ಲಿ. ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಅದಕ್ಕೆ ಕ್ಷಮೆ ಕೇಳುತ್ತೇನೆ. ಈ ವರ್ಷದಿಂದ ಕಂಪನಿ ಗುರುತಿರುವ ಯಾವ ವಸ್ತುವನ್ನೂ ತರಗತಿಯಲ್ಲಿ ಹಂಚುವುದಿಲ್ಲ.

ಈ ತಿಂಗಳು ಐದರಿಂದ ಎಂಟನೇ ತರಗತಿಯವರೆಗೆ ವಾರಕ್ಕೊಂದು ಅವಧಿ ಜಾಹೀರಾತು ಓದುವುದಕ್ಕೇ ಇಟ್ಟಿದ್ದೇವೆ. ಮೊದಲ ದಿನ ಹಳೆಯ ಪತ್ರಿಕೆಗಳಿಂದ ಕೈಗಡಿಯಾರದ ಜಾಹೀರಾತು ಕತ್ತರಿಸಿ ತರಲು ಹೇಳಿದೆವು. ಬೋರ್ಡಿನ ಮೇಲೆ ಅಂಟಿಸಿದ ಮೇಲೆ ಒಬ್ಬ ಹುಡುಗ ಎದ್ದು ನಿಂತ. "ಮಿಸ್, ಎಲ್ಲದರಲ್ಲೂ ಹತ್ತು ಗಂಟೆ ಹತ್ತು ನಿಮಿಷ!" ಒಂದೆರಡು ಬಿಟ್ಟರೆ ನಿಜಕ್ಕೂ ಹಾಗೇ ಇತ್ತು. ಮುಳ್ಳುಗಳು ಹಾಗಿದ್ದರೆ ಕಂಪನಿಯ ಹೆಸರು ಮುಚ್ಚಿಹೋಗುವುದಿಲ್ಲ, ಮುಖ ನಕ್ಕ ಹಾಗೆಯೂ ಕಾಣುತ್ತದೆ. ಅಂದಿನಿಂದ ಅವರು ಎಲ್ಲವನ್ನೂ ಹುಡುಕಿ ನೋಡುತ್ತಿದ್ದಾರೆ. ಹೀಗೆ ಮೊದಲೇ ಎಚ್ಚರಿಸಿದರೆ ಮನಸ್ಸು ಎದುರು ನಿಲ್ಲಲು ಕಲಿಯುತ್ತದೆ, ಲಸಿಕೆ ಹಾಕಿಸಿಕೊಂಡ ಮೈಯಂತೆ, ಎಂದು 1960ರ ದಶಕದಲ್ಲೇ ವಿಲಿಯಂ ಮೆಗ್ವೈರ್ ಎಂಬ ಮನಶ್ಶಾಸ್ತ್ರಜ್ಞ ತೋರಿಸಿದ್ದರು.

ಮನೆಯಲ್ಲಿ ನಿಮ್ಮಿಂದ ಬೇಕಾದದ್ದು ಬಹಳ ಇಲ್ಲ. ಟಿವಿ ಕನೆಕ್ಷನ್ ತೆಗೆಸಬೇಡಿ. ಮಗುವಿನ ಪಕ್ಕದಲ್ಲಿ ಕೂತು ಒಂದೊಂದು ಜಾಹೀರಾತು ಜೊತೆಯಲ್ಲಿ ನೋಡಿ. ಇದನ್ನು ಮಾಡಿಸಿದವರು ಯಾರು, ನಮ್ಮಿಂದ ಏನು ಬೇಕು ಅವರಿಗೆ, ಯಾವುದನ್ನು ಹೇಳದೆ ಬಿಟ್ಟಿದ್ದಾರೆ ಎಂದು ಕೇಳಿ. ಉಪದೇಶ ಬೇಡ, ಆಟದ ಹಾಗೆ ಇರಲಿ. ಮಗು ಏನಾದರೂ ಬೇಕೆಂದು ಪಟ್ಟು ಹಿಡಿದರೆ, "ಆಯ್ತು, ಬರೆದಿಡೋಣ, ಎರಡು ದಿನ ಬಿಟ್ಟು ನೋಡೋಣ" ಎನ್ನಿ. ಎರಡು ದಿನ ಕಳೆದರೂ ಬೇಕು ಅನ್ನಿಸಿದರೆ ಆಗ ಮಾತಾಡಬಹುದು. ಫೋನಿನಲ್ಲಿ ಹಣ ಕಟ್ಟುವ ಪಾಸ್‌ವರ್ಡ್ ಮಾತ್ರ ಮಕ್ಕಳಿಗೆ ಗೊತ್ತಾಗದಂತೆ ಇರಲಿ. ಆಟಗಳಲ್ಲಿ ಹಣವನ್ನು ನಾಣ್ಯ, ರತ್ನ ಎಂದೆಲ್ಲ ಬದಲಿಸಿ ತೋರಿಸುವುದರಿಂದ ಎಷ್ಟು ಖರ್ಚಾಯಿತು ಎಂದು ದೊಡ್ಡವರಿಗೇ ತಿಳಿಯುವುದಿಲ್ಲ. ಮತ್ತೆ, ಹಠ ಮಾಡಿದ ಮಗುವಿಗೆ ದಯವಿಟ್ಟು ಹೊಡೆಯಬೇಡಿ. ಎದುರು ಪಕ್ಷದಲ್ಲಿ ಇದೇ ಕೆಲಸಕ್ಕೆ ಸಂಬಳ ಪಡೆಯುವ ದೊಡ್ಡವರು ಕೂತಿದ್ದಾರೆ. ಮಗು ಒಂಟಿಯಾಗಿ ಅವರ ಜೊತೆ ಆಡುತ್ತಿದೆ, ಅಲ್ವಾ?

ಬರುವ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಪೋಷಕರ ಸಭೆ ಇದೆ. ಅಂಕಪಟ್ಟಿಯ ಮಾತು ಮುಗಿದ ಮೇಲೆ ಮಕ್ಕಳು ತಮ್ಮ ಜಾಹೀರಾತು ಪುಸ್ತಕಗಳನ್ನು ನಿಮಗೆ ತೋರಿಸುತ್ತಾರೆ. ಬರುವಾಗ ನೀವು ಜಾಹೀರಾತು ನೋಡಿ ಕೊಂಡ ಒಂದು ವಸ್ತುವನ್ನು ತನ್ನಿ. ಅದನ್ನು ಯಾಕೆ ಕೊಂಡಿರಿ ಎಂದು ಮಕ್ಕಳೇ ನಿಮ್ಮನ್ನು ಕೇಳುತ್ತಾರೆ. ಪ್ರಶ್ನೆಗಳನ್ನು ಅವರೇ ತಯಾರು ಮಾಡಿದ್ದಾರೆ, ನಾನೂ ಇನ್ನೂ ನೋಡಿಲ್ಲ. ನನ್ನದೂ ಒಂದು ವಸ್ತು ಮೇಜಿನ ಮೇಲಿರುತ್ತದೆ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ