ಪೊರೆ ತೋರಿಸಿ ಅಂತ ಕೇಳಿ: ಮಹಾರಾಷ್ಟ್ರದ ಅರಣ್ಯ ಮಂತ್ರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಮಂತ್ರಿಗಳೇ,

ನಮಸ್ಕಾರ. ನಾನು ಡೊಂಬಿವಲಿಯಲ್ಲಿರುವ ಕನ್ನಡಿಗ. ಮನೆಯಲ್ಲಿ ಟರಾಂಟುಲಾ ಸಾಕುತ್ತೇನೆ, ಮೆಕ್ಸಿಕೋ ಮೂಲದ ಕೆಂಪು ಮಂಡಿಯ ಜೇಡಗಳು. ವಿದೇಶಿ ಪ್ರಾಣಿ ಇಟ್ಟುಕೊಂಡವರು ತಾವಾಗಿಯೇ ಹೇಳಿಕೊಳ್ಳಿ ಅಂತ 2020ರಲ್ಲಿ ಕೇಂದ್ರ ಸರ್ಕಾರ ಅಂದಾಗ ಹೇಳಿಕೊಂಡೆ. 2024ರಲ್ಲಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ ಅಂದರು, ಅದನ್ನೂ ಮಾಡಿಸಿದೆ. ಈ ಪತ್ರದ ಮರಾಠಿ ಪ್ರತಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ಯಾಕೆಂದರೆ, ಅಂಬೋಲಿ, ಚೋರ್ಲಾ ಘಟ್ಟಗಳ ಕಡೆ ಜೇಡ ಹಿಡಿಯಲು ಕಾಡಿಗೆ ನುಗ್ಗುವವರು ಬೆಳಗಾವಿಯಿಂದಲೂ ಬರುತ್ತಾರೆ, ಮುಂಬೈಯಿಂದಲೂ ಬರುತ್ತಾರೆ. ಜೇಡಗಳಿಗೆ ಗಡಿ ವಿವಾದ ಇಲ್ಲ.

ವಿಷಯ ಇಷ್ಟು. ಮಾರುವವರ ಬಾಯಲ್ಲಿ ಈಗ ಎಲ್ಲ ಜೇಡವೂ 'ಸಿ.ಬಿ.' (ಕ್ಯಾಪ್ಟಿವ್ ಬ್ರೆಡ್), ಅಂದರೆ ಮನೆಯಲ್ಲೇ ಮರಿ ಮಾಡಿಸಿದ್ದು. ಕಾಡಿನಿಂದ ತಂದದ್ದು ಅಂತ ಯಾರೂ ಹೇಳುವುದಿಲ್ಲ. ಹೇಳಿದ ಮಾತನ್ನು ಪರೀಕ್ಷೆ ಮಾಡುವವರೂ ಇಲ್ಲ.

ಕಳೆದ ಮಳೆಗಾಲದಲ್ಲಿ ನನ್ನ ಫೋನಿಗೆ ಒಂದು ಫೋಟೊ ಬಂತು. ನಮ್ಮ ಸಹ್ಯಾದ್ರಿಯದೇ ಟರಾಂಟುಲಾ, ಚಿಲೊಬ್ರೇಕಿಸ್ ಫಿಂಬ್ರಿಯೇಟಸ್, ಚೆನ್ನಾಗಿ ಬೆಳೆದ ಹೆಣ್ಣು. 'ಹೋಮ್ ಬ್ರೆಡ್, ಗ್ಯಾರಂಟಿ' ಅಂತ ಬರೆದಿತ್ತು. ಫೋಟೊ ಹಿಗ್ಗಿಸಿ ನೋಡಿದೆ. ಒಂದು ಕಾಲು ಉಳಿದವಕ್ಕಿಂತ ಗಿಡ್ಡ, ಮುರಿದು ಮತ್ತೆ ಚಿಗುರಿದ್ದು. ಕಾಲಿನ ಕೂದಲಿಗೆ ಘಟ್ಟದ ಕೆಂಪು ಮಣ್ಣು ಮೆತ್ತಿಕೊಂಡಿದೆ. ಇಷ್ಟರಿಂದಲೇ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೂ ಕೇಳಿದೆ: ಇದರ ಅಪ್ಪ ಯಾವುದು, ಮೊಟ್ಟೆಚೀಲ ಯಾವಾಗ ಒಡೆಯಿತು, ಜೊತೆಗೆ ಹುಟ್ಟಿದವು ಎಲ್ಲಿ? ಪುಣ್ಯಾತ್ಮ ನನ್ನನ್ನು ಬ್ಲಾಕ್ ಮಾಡಿದ.

ಈ ಪ್ರಶ್ನೆಗಳನ್ನು ನಿಮ್ಮ ಇಲಾಖೆಯವರು ಕೇಳಬೇಕು ಅನ್ನುವುದೇ ನನ್ನ ಬೇಡಿಕೆ. ಯಾಕೆ ಕೇಳಬೇಕು ಅಂತ ತಿಳಿಯಬೇಕಾದರೆ ಟರಾಂಟುಲಾ ಮರಿ ಮಾಡಿಸುವುದು ಎಂಥ ಕಷ್ಟದ ಕೆಲಸ ಅಂತ ಸ್ವಲ್ಪ ಹೇಳಬೇಕು.

ಕೆಂಪು ಮಂಡಿಯ ಹೆಣ್ಣು ಪ್ರಾಯಕ್ಕೆ ಬರಲು 5-6 ವರ್ಷ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಆಮೇಲೆ 20 ವರ್ಷ ದಾಟಿಯೂ ಬದುಕುತ್ತದೆ. ಗಂಡು ಹಾಗಲ್ಲ. ಅದೇ ಚೀಲದಿಂದ ಬಂದ ಅಕ್ಕತಂಗಿಯರಿಗಿಂತ ಮೊದಲೇ ದೊಡ್ಡದಾಗುತ್ತದೆ, ಕೊನೆಯ ಸಲ ಪೊರೆ ಬಿಡುತ್ತದೆ, ಅಲ್ಲಿಂದ ಸಾವಿಗೆ ದಿನ ಎಣಿಸಬೇಕು. ಹೆಚ್ಚೆಂದರೆ ಒಂದು ವರ್ಷವೋ ಏನೋ. ಅಂದರೆ ಒಬ್ಬನ ಮನೆಯಲ್ಲೇ ಜೋಡಿ ಕೂಡಿಬರುವುದು ಅಪರೂಪ. ಹೆಣ್ಣು ಒಬ್ಬನ ಹತ್ತಿರ, ಸಮಯಕ್ಕೆ ಸರಿಯಾದ ಗಂಡು ಇನ್ನೊಂದು ಊರಿನವನ ಹತ್ತಿರ.

ಗಂಡು ಒಂದು ಪುಟ್ಟ ಬಲೆ ನೇಯ್ದು, ಅದರ ಮೇಲೆ ವೀರ್ಯದ ಹನಿ ಬಿಟ್ಟು, ಫೌಂಟನ್ ಪೆನ್ನಿಗೆ ಮಸಿ ತುಂಬಿಕೊಂಡ ಹಾಗೆ ಮುಂದಿನ ಎರಡು ಗಿಡ್ಡ ಕೈಗಳ ತುದಿಗೆ ಅದನ್ನು ಎಳೆದುಕೊಳ್ಳುತ್ತದೆ. ಆಮೇಲೆ ಹೆಣ್ಣಿನ ಬಾಗಿಲಲ್ಲಿ ನಿಂತು ನೆಲ ತಟ್ಟುತ್ತದೆ. ಹೆಣ್ಣಿಗೆ ಮನಸ್ಸಿದ್ದರೆ ತಿರುಗಿ ತಟ್ಟುತ್ತದೆ. ಇಲ್ಲದಿದ್ದರೆ ಗಂಡೇ ಊಟ. ಎಲ್ಲ ಸರಿಹೋದರೆ ಗಂಡು ಮುಂಗಾಲಿನ ಕೊಕ್ಕೆಗಳಿಂದ ಹೆಣ್ಣಿನ ವಿಷದ ಹಲ್ಲುಗಳನ್ನು ಎತ್ತಿ ಹಿಡಿದು ಕೆಲಸ ಮುಗಿಸಿ ಓಡುತ್ತದೆ. ನಾವು ಚಿಮಟ, ಬ್ರಷ್ ಹಿಡಿದು ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತೇವೆ.

ಇಷ್ಟಾದ ಮೇಲೆ ಹೆಣ್ಣು ಪೊರೆ ಬಿಟ್ಟುಬಿಟ್ಟರೆ? ವೀರ್ಯ ಕೂಡಿಟ್ಟ ಚೀಲದ ಒಳಪದರವೂ ಪೊರೆಯ ಜೊತೆ ಹೋಗುತ್ತದೆ. ಎಲ್ಲ ವ್ಯರ್ಥ. ಪೊರೆ ಬಿಡದೆ ಮೊಟ್ಟೆ ಇಟ್ಟರೂ ನೆಮ್ಮದಿ ಇಲ್ಲ. ಸ್ವಲ್ಪ ಗಾಬರಿಯಾದರೂ ತಾಯಿಯೇ ಮೊಟ್ಟೆಚೀಲ ತಿಂದುಹಾಕುತ್ತದೆ. ರೈಲು ಹಳಿ ಪಕ್ಕದ ಬಿಲ್ಡಿಂಗಿನಲ್ಲಿ ಇರುವವನ ಸಂಕಟ ಕೇಳಬೇಡಿ. ತಾಯಿಯಿಂದ ಚೀಲ ತೆಗೆದು ನಾವೇ ಕಾಯೋಣ ಅಂದರೆ ದಿನಾ ಹೊರಳಿಸಬೇಕು, ಇಲ್ಲದಿದ್ದರೆ ಮೊಟ್ಟೆ ಒಂದಕ್ಕೊಂದು ಅಂಟುತ್ತವೆ. ಮುಂಬೈ ಕಡೆಯ ಜುಲೈ ಹವೆಯಲ್ಲಿ ಬೂಸ್ಟು ಬರಲು ಒಂದು ರಾತ್ರಿ ಸಾಕು. ಉಳಿದು ಬಂದ ಮರಿಗಳು ಕೆಲವೇ ಮಿಲಿಮೀಟರ್. ಅವಕ್ಕೆ ತಿನ್ನಿಸಲು ಅವಕ್ಕಿಂತ ಸಣ್ಣ ಹುಳ ಸಾಕಬೇಕು. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ, ಹಾಗಾಗಿ ನೂರಾರು ಡಬ್ಬಿ.

ಈಗ ಹೇಳಿ, ನಿನ್ನೆ ಮೊನ್ನೆ ಈ ಹವ್ಯಾಸ ಶುರು ಮಾಡಿದವನ ಹತ್ತಿರ ಪ್ರಾಯದ ಹೆಣ್ಣುಗಳು ಸಾಲಾಗಿ ಮಾರಾಟಕ್ಕೆ ಇದ್ದರೆ ಅವು ಎಲ್ಲಿಂದ ಬಂದಿರಬೇಕು? ನಮ್ಮ ನಾಡಿನ ಚಿಲೊಬ್ರೇಕಿಸ್ ಆದರಂತೂ ಸುಲಭ. ಘಟ್ಟದ ರಸ್ತೆ ಪಕ್ಕದ ಧರೆಯಲ್ಲಿ ಅದರ ಬಿಲ, ಬಾಯಿ ತುಂಬ ಬಲೆ. ರಾತ್ರಿ ಟಾರ್ಚ್ ಹಿಡಿದು ಹೋಗಿ ಕಡ್ಡಿ ಆಡಿಸಿದರೆ ಹೊರಗೆ ಬರುತ್ತದೆ, ಬರದಿದ್ದರೆ ಅಗೆಯುತ್ತಾರೆ. ಮರಿ ಮಾಡಿಸುವ ಶ್ರಮಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಬೆಲೆ ಕಮ್ಮಿ ಇದ್ದರೆ ಅದೇ ಮೊದಲ ಅನುಮಾನ.

ಕಾನೂನು ಇಲ್ಲವೇ ಅಂದರೆ ಇದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್, ಅಂದರೆ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ, ಅದರ ಪಟ್ಟಿಯ ವಿದೇಶಿ ಪ್ರಾಣಿಗಳು ಕಾಯ್ದೆಯ ನಾಲ್ಕನೇ ಶೆಡ್ಯೂಲ್‌ಗೆ ಬಂದವು. ಆದರೆ ತಳಿ ಮಾಡುವವರಿಗೆ ಲೈಸೆನ್ಸ್ ಬೇಕಾಗಿರುವುದು ಆ ಪಟ್ಟಿಯ ಅತಿ ಬಿಗಿಯಾದ ಭಾಗ, ಅಪೆಂಡಿಕ್ಸ್ ಒಂದರ ಪ್ರಾಣಿಗಳಿಗೆ ಮಾತ್ರ. ನಾನು ಸಾಕುವ ಕೆಂಪು ಮಂಡಿಯ ಜೇಡ, ಅಂದರೆ ಬ್ರೇಕಿಪೆಲ್ಮಾ, ಇರುವುದು ಅಪೆಂಡಿಕ್ಸ್ ಎರಡರಲ್ಲಿ. ನಮ್ಮ ಮರವಾಸಿ ಪೊಯೆಸಿಲೊಥೀರಿಯಾ ಜೇಡಗಳೂ 2019ರ ಜಿನೀವಾ ಸಮ್ಮೇಳನದಲ್ಲಿ ಸೇರಿದ್ದು ಅದೇ ಎರಡಕ್ಕೆ. ಚಿಲೊಬ್ರೇಕಿಸ್ ಅಂತೂ ಸೈಟಿಸ್ ಪಟ್ಟಿಯಲ್ಲೇ ಇಲ್ಲ.

ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ, ನಿಜ. 2021ರ ಜುಲೈನಲ್ಲಿ ಚೆನ್ನೈ ಕಸ್ಟಮ್ಸ್‌ನವರು ಪೋಲೆಂಡಿನಿಂದ ಬಂದ ಒಂದು ಪಾರ್ಸೆಲ್ ಬಿಚ್ಚಿದರು. ಪುಟ್ಟ ಸೀಸೆಗಳಲ್ಲಿ, ಬೆಳ್ಳಿ ಹಾಳೆ ಹತ್ತಿ ಸುತ್ತಿ, 107 ಜೀವಂತ ಜೇಡಗಳು. ಬಂದ ದಾರಿಯಲ್ಲೇ ವಾಪಸ್ ಕಳಿಸಲು ನಿರ್ಧಾರವಾಯಿತು. ಆದರೆ ಅಂಬೋಲಿಯಿಂದ ಬೈಕಿನಲ್ಲಿ ಪುಣೆಗೆ ಬರುವ ಡಬ್ಬಿಗೆ ಯಾವ ಸ್ಕ್ಯಾನರ್ ಇದೆ?

ನಾವು ಹವ್ಯಾಸಿಗಳು ಒಂದು ಮಾತು ಬಹಳ ಹೇಳುತ್ತೇವೆ: ಮನೆಯಲ್ಲಿ ಮರಿ ಮಾಡಿಸಿ ಜಾತಿ ಉಳಿಸುತ್ತಿದ್ದೇವೆ ಅಂತ. ಇದನ್ನು ಪೂರ್ತಿ ನಂಬಬೇಡಿ. ಗುತ್ತಿಯ ನೀಲಿ ಜೇಡವನ್ನೇ ನೋಡಿ, ಪೊಯೆಸಿಲೊಥೀರಿಯಾ ಮೆಟಾಲಿಕಾ. ನಮ್ಮ ಮುಂಬೈ-ಚೆನ್ನೈ ರೈಲು ಸೊಲ್ಲಾಪುರ, ರಾಯಚೂರು, ಗುಂತಕಲ್ ದಾಟಿದ ಮೇಲೆ ಸಿಗುವ ಆಂಧ್ರದ ಅದೇ ಗುತ್ತಿ. 1899ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ ಹೆಸರಿಟ್ಟದ್ದು ಅಲ್ಲಿಯ ರೈಲ್ವೆ ಮರದ ಯಾರ್ಡಿನಲ್ಲಿ ಸಿಕ್ಕ ಜೇಡಕ್ಕೆ. ಮತ್ತೆ ಕಂಡದ್ದು 2001ರಲ್ಲಿ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ. ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ 2008ರ ಲೆಕ್ಕದಲ್ಲಿ ಅದರ ನೆಲೆ 100 ಚದರ ಕಿಲೋಮೀಟರಿಗಿಂತ ಕಮ್ಮಿ, ಅದು ಅಳಿವಿನ ಅಂಚಿನಲ್ಲಿದೆ. ಯುರೋಪು, ಅಮೆರಿಕದ ಮನೆಗಳಲ್ಲಿ ಮಾತ್ರ ಬೇಕಾದಷ್ಟು ಮರಿ ಆಗಿವೆ. ಮೊದಲ ಜೋಡಿಗಳು ಇಲ್ಲಿಂದ ಹೇಗೆ ಹೋದವು ಅಂತ ಕೇಳಿದರೆ ಎಲ್ಲರೂ ಮೌನ. ಅಲ್ಲಿ ಅಷ್ಟು ಮರಿ ಆದರೂ ಅದರಿಂದ ಇಲ್ಲಿ ಈ ಜೇಡ ವಾಸಿಸುವ ಪೊಟರೆಯ ಒಂದು ಮರವನ್ನೂ ಉಳಿಸಿದಂತಾಗಲಿಲ್ಲ. ಯಾವ ಕಾಡಿನದು, ಯಾರ ಜೊತೆ ಕೂಡಿಸಿದ್ದು ಅಂತ ಗೊತ್ತಿಲ್ಲದ ಜೇಡವನ್ನು ಕಾಡಿಗೆ ತಿರುಗಿ ಬಿಡುವುದಕ್ಕೂ ಆಗುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಪೊರೆ ಕೇಳಿ. ಜೇಡ ಬೆಳೆದಾಗಲೆಲ್ಲ ಪೊರೆ ಬಿಡುತ್ತದೆ. ನಿಜವಾಗಿ ಮರಿಯಿಂದ ಸಾಕಿದವನು ಅವನ್ನು ಎಸೆಯುವುದಿಲ್ಲ. ಹೆಣ್ಣೋ ಗಂಡೋ ಅಂತ ನೋಡಲು ನಮಗೆ ಅದೇ ಬೇಕು, ಹೆಣ್ಣಿನ ಪೊರೆಯ ಒಳಗೆ ಆ ವೀರ್ಯ ಚೀಲದ ಗುರುತು ಇರುತ್ತದೆ. ನನ್ನ ಹತ್ತಿರ ಕಡ್ಡಿಪೆಟ್ಟಿಗೆಗಳಲ್ಲಿ ತಾರೀಕು ಬರೆದು ಇಟ್ಟಿದ್ದೇನೆ. ಕಡಲೆಬೇಳೆಯಷ್ಟು ದೊಡ್ಡದರಿಂದ ಹಿಡಿದು ಅಂಗೈಯಷ್ಟರ ತನಕ. ಸುಳ್ಳುಗಾರ ಒಂದೆರಡು ಪೊರೆ ಎಲ್ಲಿಂದಲೋ ತಂದಾನು. ಒಂದೇ ಜೇಡದ ಇಡೀ ಸಾಲು, ಫೋಟೊಗಳ ಜೊತೆ, ತರುವುದು ಕಷ್ಟ. ಇದಕ್ಕೆ ಹೊಸ ಕಾನೂನು ಬೇಡ, ಲ್ಯಾಬ್ ಬೇಡ. ನಿಮ್ಮ ಮುಖ್ಯ ವನ್ಯಜೀವಿ ವಾರ್ಡನ್ ಅವರಿಂದ ಒಂದು ಸುತ್ತೋಲೆ ಸಾಕು: ಮನೆಯಲ್ಲಿ ಹುಟ್ಟಿದ್ದು ಅಂದವರು ತಂದೆ ತಾಯಿ ಯಾವುದು, ಕೂಡಿಸಿದ ತಾರೀಕು, ಮೊಟ್ಟೆಚೀಲದ ಫೋಟೊ, ಪೊರೆಗಳು, ಸತ್ತ ಮರಿಗಳ ಲೆಕ್ಕ ಕೊಡಬೇಕು. ಸತ್ತವುಗಳ ಲೆಕ್ಕ ಮುಖ್ಯ. ಒಂದೂ ಸಾಯಲಿಲ್ಲ ಅನ್ನುವವನು ಮರಿ ಮಾಡಿಸಿಯೇ ಇಲ್ಲ.

ಇನ್ನೊಂದು ಕಡೆ, ನಿಯಮ ಪಾಲಿಸುವವರಿಗೆ ಒಂದು ಅನುಕೂಲವೂ ಆಗಬೇಕು. ಪ್ರಾಯದ ಗಂಡು ಜೇಡವನ್ನು ನಾಸಿಕದಿಂದ ಡೊಂಬಿವಲಿಗೆ ಕೊಡಬೇಕಾದರೆ ಕೈಬದಲಾವಣೆಯ ಕಾಗದಪತ್ರ ಬೇಕು, ಬೇಕೇಬೇಕು. ಆದರೆ ಆ ಫೈಲ್ ಆರು ತಿಂಗಳು ಮೇಜಿನ ಮೇಲೆ ಕೂತರೆ ಮಂಜೂರಾತಿ ಬರುವಷ್ಟರಲ್ಲಿ ಗಂಡು ಸತ್ತಿರುತ್ತದೆ. ಇಂಥ ಅರ್ಜಿಗೆ 15 ದಿನದೊಳಗೆ ಹೌದು ಅಥವಾ ಇಲ್ಲ ಅನ್ನಿ. ಪ್ರಾಮಾಣಿಕ ದಾರಿ ಇಷ್ಟು ನಿಧಾನ ಆದರೆ ಜನ ಧರೆ ಅಗೆಯುವ ದಾರಿಗೇ ಹೋಗುತ್ತಾರೆ, ಅಲ್ವಾ?

ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ನಿಮ್ಮ ಸಿಬ್ಬಂದಿಗೆ ಒಂದು ದಿನದ ತರಬೇತಿ ಇಟ್ಟರೆ ನಾನೂ ನನ್ನಂಥ ಕೆಲವರೂ ನಮ್ಮ ಪೊರೆ ಡಬ್ಬಿ ಹೊತ್ತುಕೊಂಡು ಬರುತ್ತೇವೆ. ಸಂಬಳ, ಸನ್ಮಾನ ಏನೂ ಬೇಡ. ಭಾನುವಾರ ಆದರೆ ಒಳ್ಳೆಯದು, ಬೇರೆ ದಿನ ನಮಗೆಲ್ಲ ಆಫೀಸು.

ಇಂತಿ,
ಡೊಂಬಿವಲಿಯ ಒಬ್ಬ ಜೇಡ ಸಾಕುವವ