ಚಿರೆಕಲ್ಲಿನ ಗೋಡೆಗೆ ಸಿಮೆಂಟು ಬಳಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ನವೀಕರಣ ಕಾಮಗಾರಿಯ ಗುತ್ತಿಗೆದಾರ ಸಂಸ್ಥೆ, ಕಾರವಾರ

ಮಾನ್ಯರೇ,

ನಮ್ಮ ಮಾಜಿ ಸೈನಿಕರ ವಸತಿಗೃಹದ ಹಳೆಯ ಕಟ್ಟಡಕ್ಕೆ ಸುಣ್ಣದ ಗಾರೆಯನ್ನೇ ಬಳಸಬೇಕೆಂಬುದು ನೀವೇ ಸಹಿ ಹಾಕಿದ ಕರಾರಿನಲ್ಲಿದೆ. ಆದರೂ ನಿಮ್ಮವರು ಸಿಮೆಂಟು ಬಳಿದಿದ್ದಾರೆ. ಐದು ಸಲ ಫೋನ್ ಮಾಡಿ ವಿನಂತಿಸಿದರೂ ಯಾರೂ ಬಂದು ನೋಡಲಿಲ್ಲ.

ಚಿರೆಕಲ್ಲು ನೀರು ಕುಡಿಯುವ ಕಲ್ಲು. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ ಅದು ಕುಡಿದ ನೀರು ಸುಣ್ಣದ ಗಾರೆಯ ಮೂಲಕ ನಿಧಾನವಾಗಿ ಆರಿಹೋಗುತ್ತದೆ. ಸಿಮೆಂಟಿನ ಗಿಲಾವು ಅದನ್ನು ಗೋಡೆಯೊಳಗೇ ಹಿಡಿದಿಡುತ್ತದೆ. ಈ ಮಳೆಗಾಲದಲ್ಲಿ ಆದದ್ದು ಅದೇ. ಕಡಲ ಕಡೆಯ ಕೋಣೆಯ ಗಿಲಾವು ಹಪ್ಪಳದಂತೆ ಉಬ್ಬಿದೆ. ಬೆರಳಿನಿಂದ ಒತ್ತಿದರೆ ಕಲ್ಲಿನ ಕೆಂಪು ಪುಡಿಯೂ ಉಪ್ಪಿನ ಬಿಳಿ ಹುಡಿಯೂ ಸುರಿಯುತ್ತವೆ. ಅದರ ಕೆಳಗೆ ಮಲಗಿರುವವರು ಎದ್ದು ಓಡಾಡಲಾರದ 91 ವರ್ಷದ ಹಿರಿಯರು. ದಿನಾ ಬೆಳಿಗ್ಗೆ ಅವರ ಹೊದಿಕೆ ಕೊಡವುವವನು ನಾನು.

ಕಳೆದ ಮಂಗಳವಾರ ಅಂಥ ಒಂದು ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ನಿಮ್ಮ ಕಚೇರಿಗೆ ಬಂದೆ. ಎರಡು ಕುರ್ಚಿಗಳು ಖಾಲಿಯಿದ್ದರೂ ನಿಮ್ಮ ಸೈಟ್ ಎಂಜಿನಿಯರು ನನ್ನನ್ನು ಮುಕ್ಕಾಲು ಗಂಟೆ ಬಾಗಿಲ ಬಳಿ ನಿಲ್ಲಿಸಿದರು. ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟಾಗ ಮೊಬೈಲಿನಿಂದ ತಲೆಯೆತ್ತದೆ, "ಅಜ್ಜಾ, ಮೇಜು ಹೊಲಸು ಮಾಡಬೇಡಿ" ಎಂದರು. ಕರಾರಿನ ಪುಟ ತೋರಿಸಿದೆ. "ಬಂದೂಕು ಹಿಡಿದವರಿಗೆ ಗಾರೆ ಕೆಲಸ ಏನು ಗೊತ್ತಾಗ್ತದೆ? ಊಟ ಮಾಡಿ ಆರಾಮ ಮಲಗಿ" ಎಂದು ನಕ್ಕರು, ಪಕ್ಕದಲ್ಲಿದ್ದ ಇಬ್ಬರು ಹುಡುಗರೂ ನಕ್ಕರು. ಆಮೇಲೆ ಆ ಚೂರನ್ನು ಕೈಯಿಂದ ಸರಿಸಿ ಕಸದ ಬುಟ್ಟಿಗೆ ಹಾಕಿದರು.

ನಾನು 24 ವರ್ಷ ಬಾಂಬೆ ಸ್ಯಾಪರ್ಸ್‌ನಲ್ಲಿ ದುಡಿದವನು. ರಸ್ತೆ, ಸೇತುವೆ, ಕಟ್ಟಡಗಳೇ ಆ ಪಡೆಯ ಕೆಲಸ. 1948ರಲ್ಲಿ ನೌಶೇರಾ–ರಾಜೌರಿ ದಾರಿಯ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದ ನಮ್ಮ ಚೆಂಡಿಯಾದ ರಾಮ ರಾಘೋಬಾ ರಾಣೆಯವರೂ ಅದೇ ಪಡೆಯವರು. ಅವರ ತಾಲೂಕಿನಲ್ಲಿ ಕುಳಿತು ನಿಮ್ಮ ಎಂಜಿನಿಯರು ಆಡಿದ ಮಾತನ್ನು ನಾನು ಮರೆಯಲಾರೆ.

ಆ ಹಿರಿಯರನ್ನು ಈ ವಾರವೇ ನಿಮ್ಮ ಖರ್ಚಿನಲ್ಲಿ ಬೇರೆ ಕೋಣೆಗೆ ಸಾಗಿಸಬೇಕು. ಮಳೆ ಬಿಟ್ಟ ಕೂಡಲೇ ಸಿಮೆಂಟನ್ನೆಲ್ಲ ಕೆತ್ತಿ, ಗೋಡೆ ಒಣಗಿದ ಮೇಲೆ ಸುಣ್ಣದ ಗಾರೆ ಮಾಡಿಕೊಡಬೇಕು. ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ ಕೊನೆಯ ಬಿಲ್ಲಾಗಲಿ ಭದ್ರತಾ ಠೇವಣಿಯಾಗಲಿ ನಿಮ್ಮ ಕೈ ಸೇರದಂತೆ ಆಡಳಿತ ಸಮಿತಿಯಲ್ಲಿ ಠರಾವು ಮಾಡಿಸುತ್ತೇನೆ, ದಾವೆಯನ್ನೂ ಹೂಡಿಸುತ್ತೇನೆ. ಉದುರಿದ ಚೂರುಗಳನ್ನೆಲ್ಲ ದಿನಾಂಕ ಬರೆದು ಡಬ್ಬಿಗಳಲ್ಲಿ ಇಟ್ಟಿದ್ದೇನೆ. ಅವನ್ನು ನ್ಯಾಯಾಧೀಶರ ಮೇಜಿನ ಮೇಲೆ ಸುರಿಯುವ ದಿನ ನಿಮ್ಮ ಎಂಜಿನಿಯರು ಎದುರಿಗೇ ನಿಂತಿರಬೇಕು.

ಇಂತಿ,
ನಿವೃತ್ತ ಹವಾಲ್ದಾರ್, ವಸತಿಗೃಹದ ನಿವಾಸಿ